ಜಯಕರ ಬಿಟ್ಟ ಚಾ

ಸಕ್ಕರೆ ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದೇ ತಡ, ಜಯಕರ ಚಾ ಬಿಟ್ಟುಬಿಟ್ಟ. ಅದು ಉಮಾವತಿಯ ಮನಸ್ಸಿಗೆ ನಾಟಿತು. ಉಡುಪಿಯಲ್ಲಿ ಮದುವೆಯಾದಾಗಿನಿಂದ ಗಂಡನ ಬೆಳಗು ಶುರುವಾಗುತ್ತಿದ್ದದ್ದು ಅವಳು ಶುಂಠಿ ಜಜ್ಜಿ, ಏಲಕ್ಕಿ ಹಾಕಿ ಕುದಿಸಿದ ಚಾದಿಂದಲೇ. ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್ನಿಗೆ ಬಂದ ಮೇಲೂ ಆ ಕ್ರಮ ತಪ್ಪಿರಲಿಲ್ಲ. ಈಗ ಅವನು ಒಂದು ಲೋಟ ಬಿಸಿನೀರು ಕುಡಿದು, ಸೈಕಲ್ ಹತ್ತಿ ಆಫೀಸಿಗೆ ಹೊರಟುಬಿಡುತ್ತಿದ್ದ. ಇಷ್ಟು ದಿನ ಇಬ್ಬರಿಗೆಂದು ಅಳತೆ ಕೂತಿದ್ದ ಕೈ, ಒಬ್ಬಳಿಗೆ ಮಾಡಹೊರಟರೆ ತಪ್ಪುತ್ತಿತ್ತು.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೂ ಜಯಕರನ ತೂಕ ಇಳಿಯಲಿಲ್ಲ. ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಅದು ವಾಷಿಂಗ್ ಮೆಷಿನ್ನಿನ ತಪ್ಪು ಎಂದ.

ಒಂದು ಶನಿವಾರ ಮಗಳು ಅಮಿತಾ ಮನೆಗೆ ಬಂದಿದ್ದಳು. ಅವಳು ವಾಗೆನಿಂಗನ್ನಿನ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದುತ್ತಿದ್ದಳು. ಸಾಮಾನು ತಂದ ಜಯಕರ ಚೀಲದಿಂದ ಒಂದು ಚಂದದ ಡಬ್ಬಿ ತೆಗೆದು ಹೆಂಡತಿಯ ಮುಂದಿಟ್ಟ. ಡಬ್ಬಿಯ ಮೇಲೆ ಆನೆ, ಚಕ್ಕೆ, ಲವಂಗಗಳ ಚಿತ್ರ.

"ಎಂತದ್ದು ಇದು?"

"ಚಾಯ್ ಲಾಟೆ. ಆಫೀಸಲ್ಲಿ ನಾನು ಕುಡಿಯುವುದು ಇದನ್ನೇ. ಬಿಸಿ ಹಾಲಿಗೆ ಈ ಪುಡಿ ಹಾಕಿದ್ರೆ ಆಯ್ತು, ನಿನಗೂ ಕೆಲಸ ಕಮ್ಮಿ. ಮಸಾಲೆ ಎಲ್ಲ ಉಂಟು, ಸಕ್ಕರೆ ಹಾಕ್ಲಿಕ್ಕೇ ಇಲ್ಲ."

ಉಮಾವತಿಯ ಮುಖ ಸಣ್ಣದಾಯಿತು. ಹಾಗಾದರೆ ಗಂಡ ಬಿಟ್ಟದ್ದು ಚಾವನ್ನಲ್ಲ, ತಾನು ಮಾಡಿದ ಚಾವನ್ನು.

"ದಿನಕ್ಕೆ ಎಷ್ಟು ಕುಡೀತೀರಿ?" ಎಂದು ಕೇಳಿದಳು.

"ಎರಡು ಕಪ್ಪು. ಮೀಟಿಂಗ್ ಉದ್ದ ಆದ್ರೆ ಮೂರು."

ಅಮಿತಾ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಅಪ್ಪ, ಹಿಂದೆ ಬರೆದದ್ದು ಓದಿದ್ರಾ?"

"ನನ್ನ ಡಚ್ಚು ಬಸ್ಸಿಗೂ ಬ್ಯಾಂಕಿಗೂ ಸಾಕು ಮಾರಾಯ್ತಿ. ಅಷ್ಟು ಸಣ್ಣ ಅಕ್ಷರಕ್ಕೆ ಸಾಲದು."

"ಮೊದಲನೇ ಶಬ್ದವೇ ಸಕ್ಕರೆ. ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೀಬೇಕು, ರೂಲ್ ಹಾಗೆ. ಚಕ್ಕೆ, ಏಲಕ್ಕಿ ಎಲ್ಲ ಕೊನೇಲಿ ಉಂಟು."

ಅವಳು ಸ್ಟೀಲಿನ ಬಟ್ಟಲು ತಂದು, ಸಕ್ಕರೆಯನ್ನು ಚಮಚದಲ್ಲಿ ಒಂದೊಂದಾಗಿ ಹಾಕಿದಳು. ಐದು ಚಮಚ ಹಾಕಿ ನಿಲ್ಲಿಸಿದಳು.

"ನಿಮ್ಮ ಒಂದು ದೊಡ್ಡ ಕಪ್ಪಿಗೆ ಇಷ್ಟು."

"ನಿನಗೆ ಲೆಕ್ಕ ತಪ್ಪಿದೆ."

"ತೂಕ ಮಾಡಿ ತೋರಿಸ್ಲಾ?"

ಜಯಕರ ಬೇಡವೆಂದು ತಲೆಯಾಡಿಸಿ ಕುರ್ಚಿಯಲ್ಲಿ ಕುಳಿತ. ಉಮಾವತಿಗೆ ತಡೆದುಕೊಳ್ಳಲಾಗಲಿಲ್ಲ, ಸೆರಗು ಬಾಯಿಗೆ ಹಿಡಿದು ನಕ್ಕಳು. "ನಾನು ಹಾಕ್ತಿದ್ದದ್ದು ಒಂದೇ ಚಮಚ ಮಾರ್ರೆ. ಅದಕ್ಕೆ ಹೆದರಿ ಓಡಿ ಹೋದ್ರಿ."

"ಮಸಾಲೆ ದೇಹಕ್ಕೆ ಒಳ್ಳೇದಲ್ವಾ?" ಎಂದ ಜಯಕರ, ಸೋಲೊಪ್ಪದೆ.

"ಅಷ್ಟು ಚೂರಲ್ಲಿ ಔಷಧ ಅಂತ ಏನಿಲ್ಲ ಅಪ್ಪ. ಪ್ರೊಟೀನ್, ಕ್ಯಾಲ್ಸಿಯಂ ಬರುವುದು ಹಾಲಿನಿಂದ. ಮಸಾಲೆಯ ಘಮ ಚೆನ್ನಾಗಿದ್ರೆ ಸಕ್ಕರೆ ಕಮ್ಮಿಯಾದ್ರೂ ನಾಲಗೆಗೆ ಗೊತ್ತಾಗುವುದಿಲ್ಲ, ಅಷ್ಟೇ ಲಾಭ."

ಉಮಾವತಿ ಎದ್ದು ಒಲೆ ಹಚ್ಚಿದಳು. ಕೊಬ್ಬು ಕಡಿಮೆಯಿರುವ ಹಾಲು, ಎಂದಿಗಿಂತ ದೊಡ್ಡ ತುಂಡು ಶುಂಠಿ, ನಾಲ್ಕು ಏಲಕ್ಕಿ. ಗಂಡನ ಲೋಟಕ್ಕೆ ಸಕ್ಕರೆ ಹಾಕದೆಯೇ ಸೋಸಿ ಕೊಟ್ಟಳು. ಅವನು ಮೊದಲ ಗುಟುಕಿಗೆ ಮುಖ ಕಿವುಚಿದ, ಎರಡನೆಯದನ್ನು ನಿಧಾನಕ್ಕೆ ಹೀರಿದ. ಲೋಟ ಖಾಲಿಯಾದ ಮೇಲೆ, "ಇನ್ನು ಸ್ವಲ್ಪ ಉಂಟಾ?" ಎಂದು ಕೇಳಿದ. ಅವಳಿಗೆ ಅಷ್ಟೇ ಬೇಕಿತ್ತು.

ಗೆದ್ದ ಖುಷಿಯಲ್ಲಿ ತನ್ನ ಚಾಕ್ಕೆ ಸಕ್ಕರೆ ಹಾಕುತ್ತಿದ್ದಾಗ ಅಮಿತಾ ಕೇಳಿದಳು, "ಅಮ್ಮ, ಅದು ಎಷ್ಟನೇ ಚಮಚ?"

"ಎರಡನೇದು. ನನಗೆ ಡಾಕ್ಟರು ಎಂತದ್ದೂ ಹೇಳ್ಲಿಲ್ಲ."

"ಹೇಳುವ ತನಕ ಕಾಯ್ಬೇಕಾ?"

ಜಯಕರ ಈಗ ಮನಸಾರೆ ನಕ್ಕ. ಉಮಾವತಿ ಮಗಳನ್ನು ಒಮ್ಮೆ ದುರುಗುಟ್ಟಿ ನೋಡಿ, ಎರಡನೆಯ ಚಮಚದ ಸಕ್ಕರೆಯನ್ನು ಭರಣಿಗೆ ವಾಪಸು ಸುರಿದಳು. ಆ ಚಾ ಅವಳಿಗೆ ಚೂರೂ ಹಿಡಿಸಲಿಲ್ಲ. ಮರುದಿನದ್ದೂ ಹಾಗೆಯೇ. ಬರಬರುತ್ತ ಅರ್ಧ ಚಮಚಕ್ಕೆ ಇಳಿದಾಗ, ಚಾಪುಡಿಯ ಒಗರಿಗೂ ಒಂದು ರುಚಿಯಿದೆ ಎನ್ನುವುದು ಅವಳಿಗೇ ಹೊಸತಾಗಿ ತಿಳಿಯಿತು.

ಟುಲಿಪ್ ಅರಳುವ ಹೊತ್ತಿಗೆ ಜಯಕರನ ರಕ್ತಪರೀಕ್ಷೆ ಮತ್ತೆ ಆಯಿತು. ಸಕ್ಕರೆ ಇಳಿದಿತ್ತು. ಇಳಿದದ್ದು ಸೈಕಲ್ಲಿನಿಂದ ಎಂದು ಅವನು, ಚಾದಿಂದ ಎಂದು ಅವಳು, ಡಾಕ್ಟರ ಬಳಿಯಿಂದ ಇಬ್ಬರೂ ಎದುರುಗಾಳಿಯಲ್ಲಿ ಪೆಡಲ್ ತುಳಿಯುತ್ತ ಮನೆಯವರೆಗೂ ವಾದ ಮಾಡಿದರು.