ಕತ್ತರಿಸದ ಆರಿಂಚು

ಊರಿನ ಟೈಲರ್ ಆರು ವರ್ಷಗಳಿಂದ ಚರ್ಚಿನ ಕ್ವಾಯರ್‌ನಲ್ಲಿ ಬಾಯಿ ಮಾತ್ರ ಆಡಿಸುತ್ತಿದ್ದ. ದನಿ ಹೊರಡಿಸುತ್ತಿರಲಿಲ್ಲ. ಇದು ಹಾಡಿನ ಮೇಷ್ಟ್ರ ಅಪ್ಪಣೆ. ಒಂದು ದಿನ ಎಲ್ಲರೆದುರು ಅವರು, "ನೀವು ಬಾಯಿ ಆಡ್ಸಿ ಸಾಕು, ದನಿ ಬೇಡ" ಎಂದುಬಿಟ್ಟಿದ್ದರು. ಬೇರೆಯವರಾಗಿದ್ದರೆ ಆವತ್ತೇ ಕ್ವಾಯರ್ ಬಿಡುತ್ತಿದ್ದರು. ಟೈಲರ್ ಬಿಡಲಿಲ್ಲ. ಪ್ರತಿ ಭಾನುವಾರ ಹೋಗಿ, ಮೇಷ್ಟ್ರ ಕಣ್ಣಿಗೆ ಬೀಳುವಂತೆ ನಿಂತು, ಒಂದಕ್ಷರವೂ ತಪ್ಪದೆ ಬಾಯಿ ಆಡಿಸಿ ಬರುತ್ತಿದ್ದ. ಇಷ್ಟು ವಿಧೇಯರಾಗಿ ಹಗೆ ಸಾಧಿಸುವವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ.

ಫಜೀತಿ ಏನೆಂದರೆ, ಮೇಷ್ಟ್ರು ಅವನ ಹೆಂಡತಿಯ ಅಣ್ಣ. ಮನೆಗೆ ಬಂದರೆ ಓಡಿಸುವಂತಿಲ್ಲ. ಹಾಗಾಗಿ ಮಾತೆಲ್ಲ ಅವಳ ಮೂಲಕ ನಡೆಯುತ್ತಿತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, "ಫ್ಯಾನ್ ಹಾಕ್ಬೇಕಾ ಕೇಳು", "ಬೇಡ ಅಂತ ಹೇಳು" ಎನ್ನುತ್ತಿದ್ದರು.

ಒಂದು ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ, ಇಷ್ಟವಾದವರನ್ನು ಪ್ರೀತಿಸುವುದಕ್ಕೆ ದೇವರ ಸಹಾಯ ಬೇಕಿಲ್ಲ, ಮುಖ ಕಂಡರೆ ಆಗದವರೊಬ್ಬರಿಗೆ ಈ ವಾರ ಏನಾದರೂ ಒಳ್ಳೆಯದು ಮಾಡಿ ಎಂದರು. ಟೈಲರ್ ದೈವಭಕ್ತ, ದೇವರು ಹೇಳಿದ್ದನ್ನು ಕೊಟ್ಟ ಅಳತೆಗೆ ಸರಿಯಾಗಿ ಮಾಡುತ್ತಿದ್ದ, ಕಾಲಿಂಚು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮುಖ ಕಂಡರೆ ಆಗದವರೆಂದು ಅವನಿಗೆ ಇದ್ದದ್ದು ಒಬ್ಬರೇ. ಅವರ ಅಂಗಿಗೊಂದು ಗುಂಡಿ ಹಾಕಿಕೊಟ್ಟರೆ ಆಜ್ಞೆ ಪಾಲಿಸಿದಂತಾಗುತ್ತದೆ ಎಂದು ಲೆಕ್ಕ ಹಾಕಿದ.

ಮಂಗಳವಾರ ಮೇಷ್ಟ್ರೇ ಅಂಗಡಿಗೆ ಬಂದರು, ತೋಳಿನ ಮೇಲೆ ಕಪ್ಪು ಕೋಟು.

"ಇದನ್ನ ಚಿಕ್ಕದು ಮಾಡ್ಬೇಕು ಅಂತ ಹೇಳಮ್ಮ" ಎಂದರು ತಂಗಿಗೆ.

ಆ ಅಂಗಡಿಯಲ್ಲಿ ಅವನು ಟೇಪು ಹಿಡಿದು ಅಳತೆ ಕೂಗುವುದು, ಅವಳು ಪುಸ್ತಕದಲ್ಲಿ ಬರೆಯುವುದು. ಕೋಟು ಹೊಲಿದವನೂ ಅವನೇ, ಮಾತು ಬಿಡುವ ಮುಂಚೆ. ಹಳೆಯ ಅಳತೆ ಅದೇ ಪುಸ್ತಕದಲ್ಲಿತ್ತು: ಎದೆ ನಲವತ್ತೆರಡು. ಈಗ ಟೇಪಿಗೆ ಬರೀ ಪಕ್ಕೆಲುಬು ಸಿಕ್ಕಿತು. ಮೂವತ್ತೈದೂ ಮುಕ್ಕಾಲು.

"ಮೂವತ್ತಾರು" ಎಂದ ಟೈಲರ್. ಅಳತೆಯ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದು ಅದೇ ಮೊದಲು.

ಹೆಂಡತಿಯ ಪೆನ್ಸಿಲ್ ಅಲ್ಲೇ ನಿಂತಿತು. "ಏನಣ್ಣಾ ಇದು?"

"ಹೊಟ್ಟೇಲಿ ಗಡ್ಡೆ. ಸೋಮವಾರ ಆಪರೇಷನ್. ಈ ಭಾನುವಾರ ಒಂದಿನ ನೆಟ್ಟಗೆ ಕಂಡ್ರೆ ಸಾಕು." ಮೇಷ್ಟ್ರು ಕೋಟಿನ ಅಂಚು ಸವರಿದರು. "ಮಿಕ್ಕಿದ ಬಟ್ಟೆ ಕತ್ತರಿಸಿಬಿಡಿ ಅಂತ ಹೇಳು. ಇನ್ನು ಅದರ ಅಗತ್ಯ ಬೀಳಲ್ಲ."

ಟೈಲರ್ ಟೇಪು ಸುತ್ತಿಟ್ಟ. ಆರು ವರ್ಷ ಜೋಪಾನವಾಗಿ ಸಾಕಿಕೊಂಡು ಬಂದ ಸಿಟ್ಟು ಬೇಕಾದ ಹೊತ್ತಿಗೆ ಕೈಕೊಟ್ಟಿತು.

"ಕತ್ತರಿಸಲ್ಲ" ಎಂದ, ನೇರವಾಗಿ ಅವರ ಮುಖ ನೋಡಿ.

"ಕತ್ತರಿಸದಿದ್ರೆ ಉಬ್ಬುತ್ತೆ" ಎಂದರು ಮೇಷ್ಟ್ರು, ಅವರೂ ನೇರವಾಗಿ. ನಡುವೆ ನಿಂತವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

"ಉಬ್ಬಲಿ."

ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡುವುದು ವಾಡಿಕೆ. ಆರಿಂಚು ಬಿಟ್ಟರೆ ಕೋಟಿನೊಳಗೆ ದಿಂಬು ಸಿಕ್ಕಿಸಿದಂತೆ ಕಾಣುತ್ತದೆ. ಕೆಲಸಕ್ಕಿದ್ದವರು ಯಾರಾದರೂ ಹೀಗೆ ಹೊಲಿದಿದ್ದರೆ ಟೈಲರ್ ಅಂದೇ ಮನೆಗೆ ಕಳಿಸುತ್ತಿದ್ದ. ಈಗ ಅವನೇ ಮೂರು ದಿನ ಕೂತು, ಮಿಕ್ಕ ಬಟ್ಟೆಯನ್ನೆಲ್ಲ ಒಳಗೆ ಮಡಚಿ, ಸುಲಭವಾಗಿ ಬಿಚ್ಚಲು ಬರುವಂತೆ ಕೈಯಲ್ಲೇ ಹೊಲಿದ. ಎಷ್ಟು ಇಸ್ತ್ರಿ ತಿಕ್ಕಿದರೂ ಉಬ್ಬು ಇಳಿಯಲಿಲ್ಲ.

"ರೀ, ನೋಡಿದವರು ಏನಂತಾರೆ?" ಎಂದಳು ಹೆಂಡತಿ.

"ಕೆಲಸ ಮರೆತುಹೋಗಿದೆ ಅಂತಾರೆ."

ಹಾಡಿಸುವವರು ಸಭೆಗೆ ಬೆನ್ನು ಮಾಡಿ ನಿಲ್ಲಬೇಕು. ಹಾಗಾಗಿ ಭಾನುವಾರ ಇಡೀ ಸಭೆ ಮುಕ್ಕಾಲು ಗಂಟೆ ಆ ಕೋಟನ್ನೇ ನೋಡಿತು. ಮಗಳ ಮದುವೆಗೆ ಸೂಟು ಹೊಲಿಸುತ್ತೇನೆ ಎಂದಿದ್ದ ಹಲ್ಲಿನ ಡಾಕ್ಟರು ತಮ್ಮ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಟೈಲರಿಗೆ ಅದು ಕ್ವಾಯರ್ ಸಾಲಿನಿಂದಲೇ ಕಂಡಿತು.

ಮೂರನೆಯ ಚರಣಕ್ಕೆ ಬರುವಾಗ ಮೇಷ್ಟ್ರ ಕೈ ಕೆಳಗಿಳಿಯತೊಡಗಿತು. ಹಾಡು ತಡವರಿಸಿತು. ಟೈಲರಿಗೆ ಭಯವಾಯಿತು, ಈ ಮನುಷ್ಯ ಇಲ್ಲೇ ಕೈಚೆಲ್ಲಿಬಿಡುತ್ತಾರೆ ಎಂದು. ಬಾಯಿ ಹೇಗೂ ತೆರೆದೇ ಇತ್ತು. ದನಿ ಬಿಟ್ಟ. ಆರು ವರ್ಷದ ವಿಶ್ರಾಂತಿಯಿಂದ ಅದೇನೂ ಸುಧಾರಿಸಿರಲಿಲ್ಲ. ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ಅರ್ಧ ಹೆಜ್ಜೆ ಸರಿದು ನಿಂತ. ಮೇಷ್ಟ್ರು ತಲೆಯೆತ್ತಿ ದುರುಗುಟ್ಟಿ ನೋಡಿದರು. ಆಮೇಲೆ ಕೈ ಎತ್ತಿ, ಹಾಡನ್ನು ಕೊನೆಯವರೆಗೆ ನಡೆಸಿದರು.

ಆರಾಧನೆ ಮುಗಿದು ಮೆಟ್ಟಿಲ ಹತ್ತಿರ ಮೂವರೂ ಸಿಕ್ಕರು.

"ಶ್ರುತಿ ತಪ್ಪಿದ್ರಿ" ಎಂದರು ಮೇಷ್ಟ್ರು.

"ಗೊತ್ತು ಭಾವ."

"ಕೋಟೂ ಕೆಟ್ಟದಾಗಿದೆ."

"ಅದೂ ಗೊತ್ತು. ಮೈ ತುಂಬ್ಕೊಂಡು ಬನ್ನಿ, ಬಿಚ್ಚಿಕೊಡ್ತೀನಿ. ಅರ್ಧ ಗಂಟೆ ಕೆಲಸ."

ಮೇಷ್ಟ್ರು ಪಕ್ಕೆಯ ಮೇಲಿನ ಉಬ್ಬನ್ನು ಮುಟ್ಟಿ ನೋಡಿಕೊಂಡರು. "ಎಲ್ಲಾ ಒಳಗೇ ಇದೆಯಾ?"

"ಒಂದೆಳೆ ದಾರ ಕೂಡ ಕತ್ತರಿಸಿಲ್ಲ."

ಮೇಷ್ಟ್ರು ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದರು. ನಿಂತರು. ಆಮೇಲೆ ತಂಗಿಯ ಕಡೆ ತಿರುಗಿದರು. "ನಾನು ಆಸ್ಪತ್ರೆಯಿಂದ ಬಂದ್ಮೇಲೆ ಇವರು ಪ್ರಾಕ್ಟೀಸಿಗೆ ಒಂದು ಗಂಟೆ ಮುಂಚೆ ಬರ್ಬೇಕು ಅಂತ ಹೇಳು. ಆ ದನಿ ಹಾಗೇ ಬಿಟ್ರೆ ಆಗಲ್ಲ."

"ಬರ್ತೀನಿ ಅಂತ ಹೇಳು" ಎಂದ ಟೈಲರ್.

ಅವಳು ಹೇಳಲಿಲ್ಲ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿಸದ ಕೆಲಸ ಬಿಟ್ಟು, ಮುಖಕ್ಕೆ ಸೆರಗು ಹಿಡಿದು ಅಳುತ್ತಾ ನಿಂತಿದ್ದಳು.