ಹುಬ್ಬಳ್ಳಿಗೆ ಹೋದವಳ ಮಂಡಿಪಟ್ಟಿ

ನಾನು ಒಂದು ಮಂಡಿಪಟ್ಟಿ. ಆಟದ ಅಂಗಳದಲ್ಲಿ ನನ್ನನ್ನು ನೀ ಕ್ಯಾಪ್ ಎನ್ನುತ್ತಾರೆ. ಹುಟ್ಟಿದ್ದು ಮೈಸೂರಿನ ಇರ್ವಿನ್ ರಸ್ತೆಯ ಹಿಂದಿನ ಓಣಿಯಲ್ಲಿ, ಇನಾಯತ್ ಸಾಹೇಬರ ಅಂಗಡಿಯಲ್ಲಿ. ಕೈಕಾಲು ಮುರಿದುಕೊಂಡವರಿಗೆ ಊರುಗೋಲು, ಸೊಂಟಪಟ್ಟಿ, ಕತ್ತುಪಟ್ಟಿ ಮಾಡಿಕೊಡುವ ಅಂಗಡಿ ಅದು. ಮೃದುವಾದ ಚರ್ಮ, ಅದರೊಳಗೆ ಹತ್ತಿಯ ಮೆತ್ತೆ, ಎರಡು ಬದಿಗೂ ಮಡಿಚುವ ತೆಳು ಉಕ್ಕಿನ ಸರಳು, ಹಿಂದೆ ಬಿಗಿಯಲು ಎರಡು ಬಾರು. ಸಾಹೇಬರು ಮೂರು ದಿನ ಕೂತು ನನ್ನನ್ನು ಹೊಲಿದರು.

ಅಳತೆ ಕೊಟ್ಟವಳು ಮಂಡ್ಯದ ವಿಶಾಲಾಕ್ಷಿ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವಳು. ಹಾರಿ ಇಳಿಯುವಾಗ ಬಲಮಂಡಿ ತಿರುಚಿಕೊಂಡಿತ್ತು.

"ಬರೀ ನಡ್ಯಕ್ಕಲ್ಲ ಸಾಹೇಬ್ರೆ, ನಾನು ಓಡ್ಬೇಕು" ಎಂದಳು.

"ಓಡಮ್ಮ. ಆದ್ರೆ ನೋವು ಬಂದಾಗ ನೋವು ಅಂತ ಬಾಯಿಬಿಟ್ಟು ಹೇಳು. ಪಟ್ಟಿಗೆ ಮಾತು ಬರಲ್ಲ" ಎಂದರು ಸಾಹೇಬರು.

ಮಂಡಿಯ ಮೇಲೆ ಬದುಕುವವರಿಗೆ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ಗದ್ದದ ಕೆಳಭಾಗ ಕಾಣುತ್ತದೆ, ಬೆನ್ನ ಹಿಂದೆ ಕಟ್ಟಿಕೊಂಡ ಕೈ ಕಾಣುತ್ತದೆ. ಬಾಯಿ ಒಂದು ಹೇಳುವಾಗ ಬೆರಳು ಇನ್ನೊಂದು ಹೇಳುವುದನ್ನು ನೋಡಿ ನೋಡಿ ನನಗೆ ಅನುಮಾನದ ಬುದ್ಧಿ ಬಂದುಬಿಟ್ಟಿದೆ. ಯಾರಾದರೂ ಆಣೆ ಇಟ್ಟು ಮಾತಾಡಿದರೆ ನಾನು ಮೊದಲು ನೋಡುವುದು ಅವರ ಕಾಲಿನ ಹೆಬ್ಬೆರಳನ್ನು.

ವಿಶಾಲಾಕ್ಷಿಯ ಮಂಡಿಯ ಮೇಲೆ ನಾಲ್ಕು ವರ್ಷ ಇದ್ದೆ. ಆ ಕಾಲದಲ್ಲಿ ಅವಳಿಗೆ ಬೇರೆ ಊರಿನ ದೊಡ್ಡ ತಂಡವೊಂದರಿಂದ ಕೆಲಸದ ಜೊತೆಗೇ ಕರೆ ಬಂದಿತ್ತು. ಅವಳು ಹೋಗಲಿಲ್ಲ. ಮಂಡ್ಯದ ಸಿಮೆಂಟು ಅಂಗಳದಲ್ಲೇ ಆಡಿ, ಅಲ್ಲೇ ಆಟ ನಿಲ್ಲಿಸಿ, ಅಲ್ಲೇ ಹೆಣ್ಣುಮಕ್ಕಳಿಗೆ ಕೋಚ್ ಆದಳು. ಹೋಗದೆ ಉಳಿದ ಕಥೆಯನ್ನು ಅವಳು ಆಗಾಗ ಹೇಳುತ್ತಿದ್ದಳು. ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಆದರೆ ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದಳು. ಅಲ್ಲೇ ನನಗೆ ಸ್ವಲ್ಪ ಅನುಮಾನ.

ಅವಳ ಕೈಯಲ್ಲಿ ಬೆಳೆದ ಹುಡುಗಿಯರಲ್ಲಿ ಒಬ್ಬಳು ಸೌಭಾಗ್ಯ, ಮದ್ದೂರಿನ ಕಡೆಯ ಟೆಂಪೋ ಡ್ರೈವರ್ ಒಬ್ಬರ ಮಗಳು. ಉದ್ದ ಕೈ, ಕಡಿಮೆ ಮಾತು. ವಿಶಾಲಾಕ್ಷಿ ತನ್ನ ಮನೆಯಲ್ಲೇ ಇರಿಸಿಕೊಂಡು, ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ರಾಗಿಗಂಜಿ ಕುಡಿಸಿ ಅಂಗಳಕ್ಕೆ ಕರೆದೊಯ್ಯುತ್ತಿದ್ದಳು. ಸೌಭಾಗ್ಯಳಿಗೂ ಬಲಮಂಡಿಯೇ ನೋಯತೊಡಗಿದಾಗ ನನ್ನನ್ನು ಪೆಟ್ಟಿಗೆಯಿಂದ ತೆಗೆದು ತಾನೇ ಕಟ್ಟಿದಳು.

"ಇದು ನನ್ನ ಮಂಡಿ ಕಾಯ್ತು ಕನವ್ವ. ಇನ್ನು ನಿಂದು ಕಾಯ್ಲಿ."

ಸೌಭಾಗ್ಯ ಬಗ್ಗಿ ಅವಳ ಕಾಲು ಮುಟ್ಟಿದಳು. ಅವತ್ತು ನನಗೆ ಯಾರ ಮೇಲೂ ಅನುಮಾನ ಬರಲಿಲ್ಲ.

ಅಷ್ಟರಲ್ಲಿ ಹೆಣ್ಣುಮಕ್ಕಳ ವೃತ್ತಿಪರ ಲೀಗ್ ಶುರುವಾಯಿತು. ಊರಿಗೊಂದು ತಂಡ, ತಂಡಕ್ಕೊಬ್ಬ ಮಾಲೀಕ, ಆಟಗಾರ್ತಿಯರಿಗೆ ಮೂರು ವರ್ಷದ ಕರಾರು. ಮಂಡ್ಯದ ತಂಡಕ್ಕೆ ವಿಶಾಲಾಕ್ಷಿಯೇ ಕೋಚ್. ಮ್ಯಾನೇಜರ್ ಚಿದಾನಂದ ಎಂಬುವನು ಹೊರಗಿನಿಂದ ಬಂದವನು. ಅವನ ಬೂಟು ಯಾವಾಗಲೂ ಹೊಳೆಯುತ್ತಿತ್ತು, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೂರನೆಯ ವರ್ಷದ ಹೊತ್ತಿಗೆ ಮಂಡ್ಯದ ಬೀದಿಗಳಲ್ಲಿ ಸೌಭಾಗ್ಯಳ ಪಟ ಅಂಟಿತ್ತು. ಅವಳ ಕರಾರು ಮುಗಿಯುವುದೂ ಅದೇ ವರ್ಷ.

ಹುಬ್ಬಳ್ಳಿಯಲ್ಲಿ ಪಂದ್ಯವಿತ್ತು. ಹಿಂದಿನ ದಿನ ಮಧ್ಯಾಹ್ನ, ನಾವು ಇಳಿದುಕೊಂಡಿದ್ದ ಹೋಟೆಲಿನ ಮುಂದಿನ ಕೋಣೆಯಲ್ಲಿ ಸೌಭಾಗ್ಯ ಒಬ್ಬಳೇ ಕಾಫಿ ಕುಡಿಯುತ್ತಿದ್ದಳು. ಹುಬ್ಬಳ್ಳಿ ತಂಡದ ಮ್ಯಾನೇಜರ್ ಹೊಸಮನಿ ಬಂದು ಎದುರಿಗೆ ಕೂತ.

"ನೋಡ್ರಿ, ನಾನು ಸುತ್ತಿ ಬಳಸಿ ಮಾತಾಡಾಂವ ಅಲ್ಲ. ನಮ್ಮ ಕಡೆ ಬರ್ರಿ. ಮುಂದಿನ ವರ್ಷ ನಿಮ್ಮನ್ನ ಕ್ಯಾಪ್ಟನ್ ಮಾಡ್ತೀವ್ರಿ."

"ನಮ್ಮ ವಿಶಾಲಕ್ಕನ್ನ ಬಿಟ್ಟು ನಾನೆಲ್ಲೂ ಬರಲ್ಲ ಸಾರ್."

"ಇರ್ಲಿ ತಗೋರಿ, ನಂಬರ್ ಇಟ್ಕೋರಿ" ಎಂದು ಅವನು ಕಾರ್ಡ್ ಚಾಚಿದ. ಮರ್ಯಾದೆಗೆ ಅವಳು ತೆಗೆದುಕೊಂಡಳು.

ಅವಳು ಬರುವುದಿಲ್ಲ ಎಂದಿದ್ದನ್ನು ನಾನು ಕೇಳಿದ್ದೇನೆ. ಆದರೆ ಕ್ಯಾಪ್ಟನ್ ಎಂಬ ಮಾತು ಬಿದ್ದಾಗ ನನ್ನ ಕೆಳಗಿನ ಮಂಡಿ ಒಮ್ಮೆ ಚುರುಕಾಗಿ ಅಲುಗಿದ್ದೂ ನಿಜ. ಆ ಒಂದು ಅಲುಗಾಟ ನನ್ನ ತಲೆ ಕೆಡಿಸಿತು.

ಲಿಫ್ಟಿನ ಹತ್ತಿರ ನಿಂತಿದ್ದ ಕವನಾ, ನಮ್ಮದೇ ತಂಡದ ಇನ್ನೊಬ್ಬ ಆಟಗಾರ್ತಿ, ಮಾತು ಕೇಳಲಿಲ್ಲ. ಕಾರ್ಡ್ ಕೈ ಬದಲಾಯಿಸಿದ್ದನ್ನು ಮಾತ್ರ ನೋಡಿದಳು; ಸಂಜೆಯೊಳಗೆ ಅದು ತಂಡಕ್ಕೆಲ್ಲ ಗೊತ್ತಾಯಿತು.

ಆಮೇಲೆ ಎಲ್ಲವೂ ಬೇರೆಯಾಯಿತು. ಸೌಭಾಗ್ಯ ಬಸ್ಸು ಹತ್ತಿದರೆ ಮಾತು ನಿಲ್ಲುತ್ತಿತ್ತು. ಅಭ್ಯಾಸದಲ್ಲಿ ಅವಳು ಖಾಲಿ ಜಾಗದಲ್ಲಿ ಕೈಯೆತ್ತಿ ನಿಂತಿದ್ದರೂ ಚೆಂಡು ಇನ್ನೊಂದು ಕಡೆಗೆ ಹೋಗುತ್ತಿತ್ತು. ವಿಶಾಲಾಕ್ಷಿ ಒಂದು ಮಾತು ಕೇಳಲಿಲ್ಲ. ಕೇಳುವ ಬದಲು ಕವನಾಳನ್ನು ಸೌಭಾಗ್ಯಳ ಕೋಣೆಗೆ ಹಾಕಿದಳು. ಸೌಭಾಗ್ಯಳ ಫೋನ್ ಸದ್ದು ಮಾಡಿದಾಗಲೆಲ್ಲ ಕವನಾಳ ಕಾಲು ಹಾಸಿಗೆಯ ಮೇಲೆ ಅಲ್ಲಾಡುವುದು ನಿಲ್ಲುತ್ತಿತ್ತು. ಸೌಭಾಗ್ಯ ಸ್ನಾನದ ಮನೆಗೂ ಫೋನ್ ಒಯ್ಯತೊಡಗಿದಳು. ಅದನ್ನು ನೋಡಿ ಅವರ ಅನುಮಾನ ಗಟ್ಟಿಯಾಯಿತು.

ಇದೇ ದಿನಗಳಲ್ಲಿ ಮಂಡಿ ಊದತೊಡಗಿತು. ಸಂಜೆಯಾದರೆ ನನ್ನ ಹೊಲಿಗೆ ಬಿಗಿದು ಕಿರುಗುಟ್ಟುತ್ತಿತ್ತು. ಸೆಮಿಫೈನಲ್ ಇನ್ನು ಐದು ದಿನ, ಅದೂ ಹುಬ್ಬಳ್ಳಿಯ ಮೇಲೆಯೇ. ಈಗ ಮಂಡಿ ನೋವು ಎಂದರೆ, ಹುಬ್ಬಳ್ಳಿಯವರ ಎದುರು ಆಡಲು ಇಷ್ಟವಿಲ್ಲದೆ ನೆಪ ತೆಗೆದಳು ಎನ್ನುತ್ತಾರೆ. ಅದಕ್ಕೇ ಅವಳು ಬಾಯಿಬಿಡಲಿಲ್ಲ. ತಂಡದ ಫಿಸಿಯೋ ರಶ್ಮಿಯ ಹತ್ತಿರ ಮಾತ್ರ ಹೋಗಿ, "ಯಾರಿಗೂ ಹೇಳ್ಬೇಡಿ ಮೇಡಂ" ಎಂದು ಕೈ ಹಿಡಿದುಕೊಂಡಳು. ರಶ್ಮಿ ಆಗಲಿ ಎಂದಳು.

ಮರುದಿನ ಸ್ಕ್ಯಾನಿಂಗಿಗೆ ಹೋಗುವಾಗ ನನ್ನನ್ನು ಬಿಚ್ಚಿ ರಶ್ಮಿಯ ಮೇಜಿನ ಮೇಲೆ ಇಟ್ಟರು. ಸೌಭಾಗ್ಯ ಒಳಗೆ ಹೋದ ಮೇಲೆ ಹೊಳೆಯುವ ಬೂಟುಗಳು ಬಂದವು. ಯಾರಿಗೂ ಹೇಳುವುದಿಲ್ಲ ಎಂದಿದ್ದ ರಶ್ಮಿ ಅವನಿಗೆ ಆಗಲೇ ಹೇಳಿಬಿಟ್ಟಿದ್ದಳು ಎಂದು ಕಾಣುತ್ತದೆ.

"ಎಷ್ಟು ದಿನ ತಡ್ಕೊಳ್ಳತ್ತೆ?" ಎಂದು ಕೇಳಿದ ಚಿದಾನಂದ.

"ಒಳಗೆ ಲಿಗಮೆಂಟ್ ಹರಿದಿರಬೇಕು ಸಾರ್. ಆಡಿಸಲೇಬಾರ್ದು. ಆಪರೇಷನ್ ಆಗ್ಬೇಕು."

"ಸೆಮಿಫೈನಲ್ ಒಂದು ಆಡ್ಲಿ. ಆಮೇಲೆ ಅವಳನ್ನ ಇಟ್ಕೊಂಡು ನಾವೇನು ಮಾಡೋಣ? ಹುಬ್ಬಳ್ಳಿಯವರು ಹೇಗೂ ಕೇಳ್ತಿದಾರೆ, ಹೋಗ್ಲಿ. ಮಂಡಿ ವಿಷಯ ಹೊರಗೆ ಬರೋದು ಬೇಡ. ಅವಳೇ ಬಿಟ್ಟು ಹೋದ್ಲು ಅಂತ ಜನ ಅಂದ್ಕೊಂಡ್ರೆ ನಮಗೂ ಒಳ್ಳೇದೇ."

"ವಿಶಾಲಾಕ್ಷಿ ಮೇಡಂಗೆ ಹೇಳ್ಬೇಡ್ವಾ ಸಾರ್?"

"ನಿಮಗೆ ಇಲ್ಲಿ ಕೆಲಸ ಬೇಕು ತಾನೆ?"

ರಶ್ಮಿಯ ಕೈ ನನ್ನ ಮೇಲಿತ್ತು. ಸೌಭಾಗ್ಯ ಹೊರಗೆ ಬಂದಾಗ, "ಸ್ವಲ್ಪ ಊತ ಅಷ್ಟೆ, ಐಸ್ ಇಟ್ಕೋ" ಎಂದು ಹೇಳಿ ಅದೇ ಕೈಯಿಂದ ನನ್ನನ್ನು ಕಟ್ಟಿದಳು. ಇಡೀ ಊರು ಸೌಭಾಗ್ಯಳ ಮೇಲೆ ಕಣ್ಣಿಟ್ಟಿತ್ತು. ಅವಳನ್ನು ಕಳಿಸಲು ಬಾಗಿಲು ತೆರೆದಿಟ್ಟವನ ಮೇಲೆ ಯಾರ ಕಣ್ಣೂ ಇರಲಿಲ್ಲ. ಗೊತ್ತಿದ್ದ ನನಗೆ ಬಾಯಿ ಇರಲಿಲ್ಲ.

ಸೆಮಿಫೈನಲ್ ಮಂಡ್ಯದಲ್ಲೇ. ಒಳಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೌಭಾಗ್ಯ ಆಡಿದ ಆಟವನ್ನು ನೆನೆದರೆ ಇವತ್ತಿಗೂ ನನ್ನ ಬಾರು ಬಿಗಿಯುತ್ತದೆ. ಪ್ರತಿ ಸಲ ಹಾರಿ ಇಳಿದಾಗಲೂ ಮಂಡಿಯೊಳಗೆ ಏನೋ ಜಾರುತ್ತಿತ್ತು. ನಾನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುತ್ತಿದ್ದೆ. ಇನ್ನು ಒಂಬತ್ತು ಸೆಕೆಂಡ್ ಉಳಿದಿದ್ದಾಗ ಮಂಡ್ಯ ಅರವತ್ತೊಂದು, ಹುಬ್ಬಳ್ಳಿ ಅರವತ್ತೆರಡು. ಸೌಭಾಗ್ಯ ನುಗ್ಗಿದಳು. ಎದುರಾಳಿ ತಳ್ಳಿದಳು, ಸೀಟಿ ಕೂಗಿತು. ಎರಡು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಬಳೆಗೆ ಎಸೆಯುವ ಅವಕಾಶ. ಎರಡೂ ಬಿದ್ದರೆ ಗೆಲುವು ನಮ್ಮದು.

ಫ್ರೀ ಥ್ರೋ ಕೈಯ ಆಟ ಎಂದು ನೋಡುವವರು ತಿಳಿದಿರುತ್ತಾರೆ. ಅದು ಮಂಡಿಯ ಆಟ. ಮಂಡಿ ಬಾಗಿ ಎದ್ದ ಬಲ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಬೆರಳಿಗೆ ಏರಬೇಕು. ಮೊದಲ ಸಲ ಅವಳು ಬಾಗಿದಳು, ಅರ್ಧಕ್ಕೆ ನಡುಗಿತು; ಚೆಂಡು ಕಬ್ಬಿಣದ ಬಳೆಗೆ ಬಡಿದು ಹೊರಗೆ ಹಾರಿತು. ಎರಡನೆಯ ಸಲ ಬಾಗಲೇ ಇಲ್ಲ. ಬರೀ ಕೈಯಲ್ಲಿ ಎಸೆದಳು. ಚೆಂಡು ಬಳೆಯವರೆಗೂ ಹೋಗಲಿಲ್ಲ.

"ಮಾರ್ಕೊಂಡ್ಬುಟ್ಳು ಕನ್ರೋ!" ಎಂದು ಮೇಲಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ವಿಶಾಲಾಕ್ಷಿ ಬಂದು ಎದುರಿಗೆ ನಿಂತಳು.

"ದಿನಾ ಹತ್ತಕ್ಕೆ ಒಂಬತ್ತು ಹಾಕ್ತಿದ್ದೆ. ಇವತ್ತು ಎರಡೂ ಹೆಂಗೆ ಹೋಯ್ತವ್ವ?"

"ಮಂಡಿ ಕೈಕೊಡ್ತು ಕನಕ್ಕ."

"ಮಂಡಿನಾ? ಇಷ್ಟು ದಿನ ಇಲ್ದಿದ್ದ ಮಂಡಿ ನೋವು ಇವತ್ತು ಬಂತಾ?" ವಿಶಾಲಾಕ್ಷಿ ತಿರುಗಿ ರಶ್ಮಿಯನ್ನು ನೋಡಿದಳು. ಬಾಗಿಲಲ್ಲಿ ಚಿದಾನಂದ ನಿಂತಿದ್ದ. ರಶ್ಮಿ ನೆಲ ನೋಡಿದಳು.

"ಕಾರ್ಡ್ ಇಸ್ಕಂಡಿದ್ದು ಸುಳ್ಳಾ?"

"ಇಸ್ಕಂಡೆ. ಆದ್ರೆ ನಾನು..."

"ಸಾಕು. ಬಿಚ್ಚು ಆ ಪಟ್ಟಿನ. ಮಂಡ್ಯದ್ದು ಮಂಡ್ಯದಲ್ಲೇ ಇರ್ಲಿ."

ಸೌಭಾಗ್ಯ ಬಗ್ಗಿ ಬಾರು ಬಿಚ್ಚತೊಡಗಿದಳು. ಊತಕ್ಕೆ ಸಿಕ್ಕಿಕೊಂಡು ನಾನು ಸಡಿಲವಾಗಲೇ ಇಲ್ಲ. ಉಗುರು ಹಾಕಿ ಎಳೆದು ತೆಗೆದಳು. ವಿಶಾಲಾಕ್ಷಿ ಗೋಡೆ ನೋಡುತ್ತಿದ್ದಳು. ಒಂದು ಸಲ ಕೆಳಗೆ ನೋಡಿದ್ದರೆ ಅವಳಿಗೇ ಗೊತ್ತಾಗುತ್ತಿತ್ತು.

ಹನ್ನೆರಡು ದಿನದ ಮೇಲೆ ಸೌಭಾಗ್ಯ ಹುಬ್ಬಳ್ಳಿ ತಂಡ ಸೇರಿದ ಸುದ್ದಿ ಪೇಪರಿನಲ್ಲಿ ಬಂತು. "ನಾನು ಅಂದಿದ್ದೇ ಆಯ್ತಲ್ಲ" ಎಂದು ವಿಶಾಲಾಕ್ಷಿ ಪೇಪರನ್ನು ಮಡಿಚಿಟ್ಟಳು. ಆ ಹನ್ನೆರಡು ದಿನದಲ್ಲಿ ಮಂಡ್ಯದಿಂದ ಒಬ್ಬರೂ ಸೌಭಾಗ್ಯಳಿಗೆ ಫೋನ್ ಮಾಡಲಿಲ್ಲ ಎಂಬುದು ಪೇಪರಿನಲ್ಲಿ ಇರಲಿಲ್ಲ.

ನಾನು ಕಬ್ಬಿಣದ ಬೀರುವಿನಲ್ಲಿ, ಸ್ವೆಟರುಗಳ ಕೆಳಗೆ ಮೂರು ವರ್ಷ ಕಳೆದೆ. ಆ ನಡುವೆ ಚಿದಾನಂದ ಮಂಡ್ಯ ಬಿಟ್ಟು ಕೊಚ್ಚಿಯ ತಂಡಕ್ಕೆ ಹೋದ. ಹಾರ ಹಾಕಿ ಕಳಿಸಿಕೊಟ್ಟರಂತೆ. ಅವನನ್ನು ಯಾರೂ ದ್ರೋಹಿ ಎನ್ನಲಿಲ್ಲ. ಮರುವರ್ಷ ಹೊಸಬರು ಬೇಕೆಂದು ವಿಶಾಲಾಕ್ಷಿಯನ್ನೂ ಕೋಚ್ ಕೆಲಸದಿಂದ ಬಿಡಿಸಿದರು. ಒಂದು ಫೋನಿನಲ್ಲಿ ಮುಗಿಯಿತು. ಅಂಗಳದ ಓಡಾಟ ನಿಂತ ಮೇಲೆ ಅವಳ ಹಳೆಯ ಮಂಡಿ ಮತ್ತೆ ಹಿಡಿದುಕೊಂಡಿತು. ನನ್ನನ್ನು ತೆಗೆದು ಕಟ್ಟಿಕೊಂಡಳು.

ಒಂದು ಬೆಳಿಗ್ಗೆ ರಶ್ಮಿ ತನ್ನ ಮದುವೆಯ ಕರೆಯೋಲೆ ಹಿಡಿದು ಮನೆಗೆ ಬಂದಳು. ಅವಳೂ ಆ ಕೆಲಸ ಬಿಟ್ಟಿದ್ದಳು. ಕುಂಕುಮ ಇಟ್ಟುಕೊಂಡು ಹೊರಟವಳು ಬಾಗಿಲಲ್ಲಿ ನಿಂತು, "ಮೇಡಂ, ಸೌಭಾಗ್ಯ ಸುಳ್ಳು ಹೇಳಿರ್ಲಿಲ್ಲ" ಎಂದು ಶುರುಮಾಡಿ, ಎಲ್ಲವನ್ನೂ ಹೇಳಿದಳು. ವಿಶಾಲಾಕ್ಷಿಯ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಇತ್ತು.

"ಅವತ್ತೇ ಯಾಕವ್ವ ಬಾಯಿ ಬುಡ್ಲಿಲ್ಲ?"

"ಹೆದರಿಕೆ ಆಯ್ತು ಮೇಡಂ."

ವಿಶಾಲಾಕ್ಷಿ ಬಟ್ಟಲನ್ನು ಕೆಳಗಿಟ್ಟು, "ನಾನೂ ಕೇಳ್ಲಿಲ್ಲ ಬುಡು" ಎಂದಳು.

ಮುಂದಿನ ವಾರ ಅವಳು ಹುಬ್ಬಳ್ಳಿಯ ರೈಲು ಹತ್ತಿದಳು. ಸೌಭಾಗ್ಯ ಅಲ್ಲಿ ಒಂದು ಶಾಲೆಯ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿದ್ದಳು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ನಮ್ಮನ್ನು ನೋಡಿ ಸೀಟಿ ಕೆಳಗಿಳಿಸಿದಳು. ಅಂಗಳದ ಪಕ್ಕದ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

"ರಶ್ಮಿ ಬಂದಿದ್ಲು. ಎಲ್ಲ ಹೇಳಿದ್ಲು. ನಾನು ತಪ್ಪು ತಿಳ್ಕಂಡೆ ಕನವ್ವ."

"ಇಲ್ಲಿನೂ ಹಂಗೇ ಅಂದ್ರು ಅಕ್ಕ. ಮಂಡಿ ಮುಚ್ಚಿಟ್ಟು ಬಂದೀ, ಮೋಸ ಮಾಡಿದೀ ಅಂತ ಹೊಸಮನಿ ಸಾಹೇಬ್ರು ಸಿಟ್ಟಾದ್ರು. ಒಳಗೆ ಹರಿದಿದ್ದು ನನಗೇ ಗೊತ್ತಿರ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಆಪರೇಷನ್ ಮಾಡ್ಸಿದ್ರು. ಒಂದು ವರ್ಷ ಬೆಂಚ್ ಮ್ಯಾಲೆ ಕೂತೆ. ಅಷ್ಟೇ."

ವಿಶಾಲಾಕ್ಷಿ ಸೀರೆ ಸ್ವಲ್ಪ ಮೇಲೆತ್ತಿ ನನ್ನನ್ನು ಬಿಚ್ಚಿ ಅವಳ ತೊಡೆಯ ಮೇಲಿಟ್ಟಳು. "ಇದು ನಿಂದು. ಅವತ್ತು ನಾನು ಕಿತ್ಕೊಬಾರದಿತ್ತು."

ಸೌಭಾಗ್ಯ ನನ್ನ ಚರ್ಮದ ಮೇಲೆ ಬೆರಳಾಡಿಸಿದಳು. "ಒಂದು ಕೇಳ್ಲಾ ಅಕ್ಕ? ನಾನು ಬೇಕಂತಲೇ ಮಂಡ್ಯ ಬಿಟ್ಟಿದ್ರೆ? ಆಗ್ಲೂ ನೀವು ನನ್ನ ನೋಡಕ್ಕೆ ಬರ್ತಿದ್ರಾ?"

ವಿಶಾಲಾಕ್ಷಿ ಅಂಗಳದಲ್ಲಿ ಚೆಂಡು ಕುಟ್ಟುತ್ತಿದ್ದ ಹುಡುಗಿಯರ ಕಡೆಗೆ ತಿರುಗಿದಳು.

"ನನಗೆ ಬ್ಯಾಡ್ರಿ ಇದು" ಎಂದಳು ಸೌಭಾಗ್ಯ. ಆ 'ರಿ' ಕೇಳಿ ವಿಶಾಲಾಕ್ಷಿಯ ಪಾದ ಸ್ವಲ್ಪ ಹಿಂದೆ ಸರಿಯಿತು. "ನನಗೆ ಒಳಗೆ ಸ್ಕ್ರೂ ಹಾಕ್ಯಾರೆ. ನೀವೇ ಕಟ್ಕೊಳ್ಳಿ. ಸ್ಟೇಷನ್ನಾಗೆ ಮೆಟ್ಟಿಲು ಬಾಳ ಅದಾವೆ."

ಅವಳು ಎರಡು ಮೆಟ್ಟಿಲು ಕೆಳಗಿಳಿದು, ನೋಯುವ ಕಾಲನ್ನು ಚಾಚಿ ಕೂತು, ತನ್ನ ಕೈಯಾರೆ ನನ್ನನ್ನು ವಿಶಾಲಾಕ್ಷಿಯ ಮಂಡಿಗೆ ಕಟ್ಟಿದಳು. ವಿಶಾಲಾಕ್ಷಿ ಅಳುತ್ತಿದ್ದಳು ಎಂದು ಕಾಣುತ್ತದೆ. ನನ್ನ ಮೇಲೆ ಎರಡು ಹನಿ ಬಿದ್ದವು.

ಈಗ ನಾನು ಮಂಡ್ಯದ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗಿಕೊಂಡಿದ್ದೇನೆ. ಚರ್ಮ ಬಿರುಕು ಬಿಟ್ಟಿದೆ, ಸರಳು ತುಕ್ಕು ಹಿಡಿದಿದೆ. ಉಳಿದವರು ನಿಷ್ಠರು, ಹೋದವರು ದ್ರೋಹಿಗಳು ಎಂದು ಜನ ಹೇಳುವಾಗ ನನಗೆ ನಗು ಬರುತ್ತದೆ. ಕಳಿಸಿದವರು ಯಾರು ಎಂದು ಅವರು ಕೇಳುವುದೇ ಇಲ್ಲ. ನಾನೂ ಒಂದು ಅಲುಗಾಟಕ್ಕೆ ಅವಳನ್ನು ಅನುಮಾನಿಸಿದವನೇ, ಆದ್ದರಿಂದ ಹೆಚ್ಚು ಹೇಳುವ ಯೋಗ್ಯತೆ ನನಗಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಆ ಮೆಟ್ಟಿಲ ಮೇಲೆ ಸೌಭಾಗ್ಯ ನನ್ನನ್ನು ಕಟ್ಟುವಾಗ ಬಾರನ್ನು ಬೇಕಾದ್ದಕ್ಕಿಂತ ಒಂದು ತೂತು ಹೆಚ್ಚಾಗಿಯೇ ಎಳೆದಳು. ವಿಶಾಲಾಕ್ಷಿಗೆ ನೋವಾಯಿತು, ಆದರೆ ಸಡಿಲ ಮಾಡು ಎನ್ನಲಿಲ್ಲ. ಮಂಡ್ಯಕ್ಕೆ ಬರುವವರೆಗೂ ಹಾಗೇ ಬಂದಳು. ಅಷ್ಟು ಬಿಗಿದದ್ದು ಮಂಡಿ ಜಾರದಿರಲಿ ಎಂಬ ಅಕ್ಕರೆಗೋ, ಬೇರೆಯದಕ್ಕೋ, ನನಗೆ ಅನುಮಾನ.