ತಂತಿಗೆ ತಾಗದ ಗಿಡಗಳ ದುಂಡಪ್ಪನವರು

ಬೈಲಹೊಂಗಲದ ನಮ್ಮ ಓಣಿಯಲ್ಲಿ ದುಂಡಪ್ಪನವರು ನಡೆದು ಬರುವುದನ್ನು ಕಂಡ ಹೊಸಬರು ತಾವೂ ಒಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ; ವಿಮಾನ ಹೋಗುತ್ತಿದೆಯೋ, ಮೋಡ ಕಟ್ಟಿದೆಯೋ ಎಂದು. ಮೇಲೆ ಏನೂ ಇರುವುದಿಲ್ಲ. ಕರೆಂಟಿನ ತಂತಿ ಇರುತ್ತದೆ, ಅಷ್ಟೇ. ಮೂವತ್ತೆರಡು ವರ್ಷ ಲೈನ್‌ಮನ್ ಆಗಿ ತಂತಿಯನ್ನೇ ನೋಡುತ್ತ ನಡೆದ ಆ ಕುತ್ತಿಗೆ ತನ್ನ ನಿವೃತ್ತಿಯ ಆದೇಶವನ್ನು ಇನ್ನೂ ಓದಿಕೊಂಡಿಲ್ಲ. ಆದರೆ ಸ್ವಂತ ಮನೆಯ ಗೇಟು ದಾಟಿದೊಡನೆ ಅದೇ ಕುತ್ತಿಗೆ ಸರಕ್ಕನೆ ಕೆಳಗೆ ಬಾಗಿ ಗದ್ದ ಎದೆಗೆ ತಾಗುತ್ತದೆ. ಯಾಕೆಂದರೆ ಒಳಗೆ ಅವರು ಬೆಳೆಸಿರುವ ಅರಣ್ಯದ ಎತ್ತರ ಹೆಚ್ಚೆಂದರೆ ಎರಡು ಫೂಟು.

ಅರಣ್ಯವೆಂದರೆ ಅತಿಶಯೋಕ್ತಿಯಲ್ಲ. ಹಿಮದ ನಾಡಿನಲ್ಲಿ ಮುಗಿಲು ಮುಟ್ಟುವ ಪೈನ್, ಜುನಿಪರ್, ಥೂಜಾಗಳ ವಂಶದಲ್ಲಿ ಅಪರೂಪಕ್ಕೆ ಕುಳ್ಳರು ಹುಟ್ಟುವುದುಂಟು. ಒಂದು ಚೆಂಡಿನಂತೆ ದುಂಡಗೆ, ಒಂದು ನೆಲಕ್ಕೆ ಒರಗಿದ ಎಮ್ಮೆಯಂತೆ ಅಡ್ಡಡ್ಡ, ಇನ್ನೊಂದು ಸ್ನಾನ ಮಾಡಿ ತಲೆ ಒರೆಸಿಕೊಳ್ಳದೆ ಬಂದವರಂತೆ ಕೆದರಿಕೊಂಡು. ಅಂಥ ನಲವತ್ತೊಂದು ವಾಮನಮೂರ್ತಿಗಳು ಪೂರ್ವದ ಗೋಡೆಯ ಬುಡದಲ್ಲಿ, ಒದ್ದೆ ಮರಳಿನಲ್ಲಿ ಹೂತಿಟ್ಟ ಕುಂಡಗಳಲ್ಲಿ, ಬೈಲಹೊಂಗಲದ ಬಿಸಿಲನ್ನು ಧಿಕ್ಕರಿಸಿ ಕುಳಿತಿದ್ದಾರೆ. ಒಂದೊಂದು ಕುಂಡದ ಮೇಲೂ ವಿದ್ಯುತ್ ಕಂಬಕ್ಕೆ ಬರೆಯುವಂತೆ ಹಳದಿ ಬಣ್ಣದ ಮೇಲೆ ಕಪ್ಪು ಅಂಕಿ, ಅದರ ಕೆಳಗೆ ಒಂದು ಊರಿನ ಹೆಸರು: ಸಾಲಹಳ್ಳಿ, ಸುರೇಬಾನ, ಚಚಡಿ, ಹೀಗೆ. ಉದಕಮಂಡಲದಲ್ಲಿ ಕೊಂಡ ಉಣ್ಣೆಯ ಕೋಟೊಂದು ಅವರಲ್ಲಿದೆ. ಅದು ಒಮ್ಮೆಯೂ ಅವರ ಮೈ ಕಂಡಿಲ್ಲ. ಏಪ್ರಿಲ್ ಬಂತೆಂದರೆ ನೀರಲ್ಲಿ ಅದ್ದಿಸಿಕೊಂಡು, ಬಿದಿರಿನ ಚೌಕಟ್ಟಿನ ಮೇಲೆ ಕೈಕಾಲು ಚಾಚಿ ಮಲಗಿ, ಗಿಡಗಳಿಗೆ ನೆರಳು ಕೊಡುವುದೇ ಅದರ ಕೆಲಸ.

"ಮದಿವ್ಯಾಗಿ ಮೂವತ್ತೈದು ವರ್ಷ ಆತು, ನನಗೊಂದು ಸ್ವೆಟರ್ ತಂದಾವರಲ್ಲ. ಕುಂಡಕ್ಕ ಕೋಟು!" ಎನ್ನುತ್ತಾರೆ ಅವರ ಹೆಂಡತಿ ಸಾವಂತ್ರೆವ್ವ, ಎನ್ನುತ್ತಲೇ ಕೋಟಿನ ಮೇಲೆ ಇನ್ನೊಂದು ತಂಬಿಗೆ ನೀರು ಚಿಮುಕಿಸುತ್ತಾರೆ.

ಸಾವಂತ್ರೆವ್ವನವರ ತಮ್ಮ ಸೋಮಪ್ಪ ಸುರೇಬಾನದಲ್ಲಿ ಕಬ್ಬು ಬೆಳೆಯುವವರು. ಬಂದಾಗಲೆಲ್ಲ ಕೋಟಿನ ಕೆಳಗೆ ಬಗ್ಗಿ ನೋಡಿ, "ಏನ್ ಮಾವಾರ, ಬೆಳಿ ಎಷ್ಟಕ್ಕ ಬಂತು? ನಂದು ಹದಿನಾಲ್ಕು ಫೂಟ್ ನಿಂತೈತಿ" ಎಂದು ಕೆಣಕುವುದು ಅವರ ವಾಡಿಕೆ.

"ಅರ್ಧಾ ಇಂಚು," ಎನ್ನುವರು ದುಂಡಪ್ಪನವರು, ಮುಖ ಸಪ್ಪಗೆ ಮಾಡಿ. "ಈ ವರ್ಷ ಸ್ವಲ್ಪ ಜಾಸ್ತೀನ ಆತು, ಸೋಮಪ್ಪ. ಯಾಕೋ ಚಿಂತಿ ಹತ್ತೇತಿ."

ಬೆಳೆದದ್ದಕ್ಕೆ ಚಿಂತಿಸುವ ಈ ಏಕೈಕ ಕೃಷಿಕನ ಪೂರ್ವಾಶ್ರಮ ತಿಳಿಯದಿದ್ದರೆ ಈ ಚಿಂತೆ ಅರ್ಥವಾಗುವುದಿಲ್ಲ. ಖಾಂಡವವನಕ್ಕೆ ಅಗ್ನಿ ಹೇಗೋ, ಬೈಲಹೊಂಗಲದಿಂದ ರಾಮದುರ್ಗದವರೆಗಿನ ಬೇವು, ಹುಣಸೆ, ಬಸರಿಗಳಿಗೆ ದುಂಡಪ್ಪನವರು ಹಾಗಿದ್ದರು. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆಗಳನ್ನು ಕಡಿಯುವುದು ಇಲಾಖೆಯ ಕೆಲಸ. ಉದ್ದನೆಯ ಬಿದಿರಿನ ತುದಿಗೆ ಕುಡಗೋಲು ಕಟ್ಟಿಕೊಂಡು ಅವರು ಊರಿಗೆ ಕಾಲಿಟ್ಟರೆ, 'ಟೊಂಗಿ ದುಂಡಪ್ಪ ಬಂದಾ' ಎಂದು ಗುಬ್ಬಿಗಳೂ ಗೂಡು ಖಾಲಿ ಮಾಡುತ್ತಿದ್ದವಂತೆ. ಬೈಗುಳ ಅವರಿಗೆ ಹೊಸದಲ್ಲ. ಮೈಗೆ ತಾಗಿಸಿಕೊಳ್ಳದಿರುವ ವಿದ್ಯೆ ಕರೆಂಟಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಸೇವೆಯ ಕೊನೆಯ ಬೇಸಿಗೆಯಲ್ಲಿ, ಚಚಡಿಯಲ್ಲಿ, ಕಾಡವ್ವ ಎಂಬ ಮುದುಕಿಯ ಬೇವಿನ ಗಿಡಕ್ಕೆ ಕುಡಗೋಲು ಹಾಕಿದಾಗ ಆಕೆ ಬೈಯಲಿಲ್ಲ. ಹೊಸ್ತಿಲ ಮೇಲೆ ಮಜ್ಜಿಗೆಯ ಗಡಿಗೆ ಹಿಡಿದುಕೊಂಡು ನಿಂತು, ಮೆಲ್ಲಗೆ ಅಂದಳು:

"ಕಡೀಯಪ್ಪಾ, ಕಡಿ. ಹೋಗೂವಾಗ ನಿನ್ನ ನೆರಳರ ಬಿಟ್ಟು ಹೋಗು. ಈ ಗಡಗಿ ಇಡಾಕ ಬೇಕು."

ಆ ಮಾತು ಹನ್ನೊಂದು ಸಾವಿರ ವೋಲ್ಟಿನದು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವರೇ ಕುಡಗೋಲನ್ನು ಅಟ್ಟಕ್ಕೆ ಎಸೆದು, ಇನ್ನು ಯಾವ ಗಿಡಕ್ಕೂ ಕಬ್ಬಿಣ ತಾಗಿಸುವುದಿಲ್ಲ, ತಾಗಿಸಲು ಯಾರಿಗೂ ಹೇಳುವುದೂ ಇಲ್ಲ ಎಂದು ಆಣೆಯಿಟ್ಟರು. ಗಿಡ ನೆಡುವ ಆಸೆ ಬಂತು. ನೆಟ್ಟದ್ದು ಬೆಳೆದು ತಂತಿಗೆ ತಾಗಿದರೆ ಇನ್ನೊಬ್ಬ ದುಂಡಪ್ಪ ಬಂದಾನಲ್ಲ ಎಂಬ ಭಯವೂ ಬಂತು. ಅದೇ ವರ್ಷ ಸಹೋದ್ಯೋಗಿಗಳ ಜೊತೆ ಉದಕಮಂಡಲದ ಪ್ರವಾಸಕ್ಕೆ ಹೋದಾಗ, ಒಂದು ನರ್ಸರಿಯಲ್ಲಿ ಮೊಣಕಾಲೆತ್ತರದ ಗಿಡದ ವಯಸ್ಸು ಕೇಳಿದರೆ ಹದಿನಾರು ಎಂದರು. ದುಂಡಪ್ಪನವರು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. "ಇದು ವಾಯರಿಗೆ ಮುಟ್ಟೂದು ಎಂದ್ರೀ?" ಎಂದು ಕೇಳಿ, "ಈ ಜನ್ಮದಲ್ಲಿ ಇಲ್ಲ ಸಾರ್" ಎಂಬ ಉತ್ತರ ಪಡೆದು, ಗಿಡವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಊರಿಗೆ ಬಂದರು. ಹುಬ್ಬಳ್ಳಿಯಲ್ಲಿ ಹತ್ತಿದ ಬಸ್ಸಿನ ಕಂಡಕ್ಟರ್ ಅದಕ್ಕೂ ಟಿಕೆಟ್ ಬೇಕೆಂದಾಗ, "ವಯಸ್ಸು ಹದಿನಾರು ಖರೆ, ಎತ್ತರ ನೋಡಿ ಅರ್ಧಾ ಹಾಕ್ರಿ" ಎಂದು ವಾದಿಸಿ ಗೆದ್ದರಂತೆ.

ಆ ಮೊದಲ ಗಿಡವೇ 'ಚಚಡಿ'. ತಾವು ಎಲ್ಲೆಲ್ಲಿ ಕಡಿದಿದ್ದರೋ ಆಯಾ ಊರಿನ ಹೆಸರನ್ನು ಒಂದೊಂದು ಗಿಡಕ್ಕೆ ಇಟ್ಟು ಸಾಕುವ ಕ್ರಮ ಅಲ್ಲಿಂದ ಶುರುವಾಯಿತು. ಚಚಡಿ ಥೂಜಾ ಜಾತಿಯದು, ಆದರೆ ಥೂಜಾದ ಚಪ್ಪಟೆ ಎಲೆ ಅದಕ್ಕಿಲ್ಲ. ಮರಿಗಿಡದ ಮೆತ್ತನೆ ತುಪ್ಪಳವನ್ನೇ ಮುಪ್ಪಿನವರೆಗೂ ಉಟ್ಟುಕೊಂಡಿರುವ ಅಪರೂಪದ ತಳಿ. ಚಳಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಯುಗಾದಿಗೆ ಮತ್ತೆ ಹಸಿರಾಗುತ್ತದೆ. ದುಂಡಪ್ಪನವರು ಬೆಳಿಗ್ಗೆ ಎದ್ದವರೇ ದೇವರ ಮನೆಗೂ ಮುಂಚೆ ಅಲ್ಲಿಗೆ ಹೋಗಿ ಅಂಗೈಯಿಂದ ಅದರ ತಲೆ ಸವರುತ್ತಾರೆ. ಬೇರೆ ಯಾರಾದರೂ ಸವರಲು ಹೋದರೆ, "ಎಲ್‌ಸಿ ತಗೊಂಡೀರೇನು?" ಎಂದು ಗದರುತ್ತಾರೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕರೆಂಟು ತೆಗೆದಿದೆ, ಇನ್ನು ಕಂಬ ಹತ್ತಬಹುದು ಎಂಬ ಅಪ್ಪಣೆ. ಅದಿಲ್ಲದೆ ಅವರ ಮನೆಯಲ್ಲಿ ಹಪ್ಪಳವೂ ಎಣ್ಣೆಗೆ ಇಳಿಯುವುದಿಲ್ಲ.

ಹೋದ ನವೆಂಬರಿನಲ್ಲಿ ಅನಾಹುತ ತಲೆಯೆತ್ತಿತು. ಚಚಡಿಯ ಮೆತ್ತನೆ ನೆತ್ತಿಯ ನಡುವಿನಿಂದ ಒಂದು ಚಿಗುರು, ಚಪ್ಪಟೆ ಎಲೆಯದು, ಬೀಸಣಿಗೆಯಂತೆ ಬಿಚ್ಚಿಕೊಂಡು ನೆಟ್ಟಗೆ ಮೇಲೇರಿತು. ತಿಂಗಳಿಗೆ ಮೂರು ಇಂಚು! ಸೋಮಪ್ಪ ಚಪ್ಪಾಳೆ ತಟ್ಟಿ, "ಅಂತೂ ಮಾವಾರ ಹೊಲಾ ಫಲಾ ಕೊಟ್ಟಿತು" ಎಂದರು. ದುಂಡಪ್ಪನವರು ಗಾಬರಿಯಿಂದ ನರ್ಸರಿಗೆ ಫೋನು ಹಚ್ಚಿದರು.

"ಸಾರ್, ಗಿಡ ತನ್ನ ಮೂಲಕ್ಕೆ ತಿರುಗ್ತಾ ಇದೆ. ಅದನ್ನ ಬುಡಕ್ಕೆ ಕತ್ತರಿಸಿಬಿಡಿ," ಎಂದಿತು ಆ ಕಡೆಯ ದನಿ. "ಬಿಟ್ರೆ ಎರಡು ವರ್ಷದಲ್ಲಿ ನಿಮ್ಮ ಕುಳ್ಳಗಿಡಾನ ಅದೇ ನುಂಗಿಬಿಡುತ್ತೆ."

ವಾಮನ ತ್ರಿವಿಕ್ರಮನಾಗಲು ಹೊರಟಿದ್ದ. ತಲೆಯೊಡ್ಡಿ ನಿಂತ ಬಲಿಚಕ್ರವರ್ತಿ ದುಂಡಪ್ಪನವರು. ಕತ್ತರಿಸಿದರೆ ಆಣೆ ಹೋಯಿತು, ಬಿಟ್ಟರೆ ಚಚಡಿ ಹೋಯಿತು. ಊಟ ಸೇರದೆ, ಕುಂಡದ ಮುಂದೆ ಮಣೆ ಹಾಕಿಕೊಂಡು ಕುಳಿತವರನ್ನು ನೋಡಲಾರದೆ ಸಾವಂತ್ರೆವ್ವ ಈಳಿಗೆಮಣೆಯನ್ನೇ ಹೊತ್ತು ತಂದರು.

"ಆಣಿ ಇಟ್ಟಾವರು ನೀವು, ನಾ ಅಲ್ಲ. ಸರೀರಿ ಅತ್ತಾಗ."

"ಬ್ಯಾಡ," ಎಂದರು ದುಂಡಪ್ಪನವರು. "ನಾ ನಿಂತು ಕಡಿಸಿದರ ನಾನ ಕಡದಂಗ. ಮೂವತ್ತೆರಡು ವರ್ಷ ಇನ್ನೊಬ್ಬರ ಮ್ಯಾಲ ಹಾಕೇ ಜೀವಾ ಉಳಿಸಿಕೊಂಡೇನಿ. ಸಾಹೇಬ್ರು ಹೇಳ್ಯಾರ ಅಂತ."

ಈಳಿಗೆಮಣೆ ಅಡುಗೆಮನೆಗೆ ಹಿಂದಿರುಗಿತು. ಜನವರಿಯ ಒಂದು ಬೆಳಿಗ್ಗೆ ನೋಡಿದರೆ, ಆ ಚಿಗುರಿನ ತುದಿ ಇರಲಿಲ್ಲ. ನಾಲ್ಕು ದಿನ ಬಿಟ್ಟು ಇನ್ನೊಂದು ತುಂಡು ಮಾಯ. ಆಡು ಮೇಯ್ದಿದ್ದರೆ ಹರಕು ಇರಬೇಕಿತ್ತು. ಇದು ಅಚ್ಚುಕಟ್ಟಾದ ಕತ್ತರಿಯ ಕೊಯ್ತ. ಕಡಿದವರ ಕೈ ಗುರುತಿಸುವುದರಲ್ಲಿ ದುಂಡಪ್ಪನವರಿಗಿಂತ ಪಂಡಿತರು ಯಾರು? ಮರಳಿನ ಮೇಲೆ ಒಂದು ಗುಲಾಬಿ ದಾರದ ಎಳೆ ಬಿದ್ದಿತ್ತು. ಹಿಂದಿನ ದಿನವಷ್ಟೇ ಸಾವಂತ್ರೆವ್ವನವರ ಗುಲಾಬಿ ಕುಬಸ ಹೊಲಿದು ತಂದುಕೊಟ್ಟವಳು ಎದುರು ಸಾಲಿನ ಯಶೋಧಾ. ಬರೀ ಅನುಮಾನವಲ್ಲ, ಅವಮಾನ! ತಮ್ಮ ಅಂಗಳದಲ್ಲೇ, ತಮ್ಮ ಚಚಡಿಗೇ, ಎಲ್‌ಸಿ ಇಲ್ಲದೆ ಕತ್ತರಿ! ಮೂಲ ಚಿಗುರಿನ ಚಿಂತೆಯನ್ನೂ ಮರೆತು, ಕಲಿ ಏರಿದ ವೀರನಂತೆ ಅವರು ಹೊಲಿಗೆ ಅಂಗಡಿಗೆ ನುಗ್ಗಿದರು.

"ಯಾರ್ನ ಕೇಳಿ ಕತ್ತರಿಸಿದಿ, ಯವ್ವಾ? ಎಲ್‌ಸಿ ತಗೊಂಡಿದ್ದೇನು?"

ಮೂವತ್ತೊಂಬತ್ತರ ಯಶೋಧಾ ಹೊಲಿಗೆ ಯಂತ್ರದ ಕಾಲು ನಿಲ್ಲಿಸಿ, ತಲೆ ತಗ್ಗಿಸಿ, ಬಟ್ಟೆಯ ಗಂಟಿನಡಿಯಿಂದ ಒಂದು ಪುಸ್ತಕ ತೆಗೆದಳು. ಹತ್ತನೆಯ ತರಗತಿಯ ಗಣಿತ. ಪಾಠಕ್ಕೊಂದರಂತೆ ಪುಟಗಳ ನಡುವೆ ಚಪ್ಪಟೆ ಎಲೆಯ ಬೀಸಣಿಗೆಗಳು ಒಣಗಿ ಮಲಗಿದ್ದವು.

"ತಪ್ಪಾತ್ರಿ ಕಾಕಾರ. ಎಲ್ಲಾ ಪಾಸ್ ಆಗೇತಿ, ಗಣಿತ ಅಷ್ಟ ಎರಡು ಸಲ ಹೋತು. ಇದು ಕಡೀ ಸಲ ಅಂತ ಕಟ್ಟೇನಿ. ಸಣ್ಣಾಕಿದ್ದಾಗ ವಿದ್ಯೆ ಹತ್ತತೈತಂತ ಪುಸ್ತಕದಾಗ ವಿದ್ಯಾದ ಎಲಿ ಇಡ್ತಿದ್ವೆಲ್ಲರೀ… ಕೇಳಿದರ ನಗ್ತೀರಿ ಅಂತ ಮುಂಜಾನೆ ಬಂದು ತಗೊಂಡೆ."

"ಅಷ್ಟು ಗಿಡದಾಗ ನಿನಗ ಅದ ಬೇಕಾಗಿತ್ತೇನು?"

"ಅದೊಂದ ಟೊಂಗಿ ವಿದ್ಯಾದ ಎಲಿ ಇದ್ದಂಗ ಐತ್ರಿ. ಉಳಿದದ್ದು ಬೆಕ್ಕಿನ ಮರಿ ಇದ್ದಂಗ ಐತಿ. ಅದಕ್ಕ ಹೆಂಗ ಕತ್ತರಿ ಹಚ್ಚಲಿ?"

ದುಂಡಪ್ಪನವರು ಚಪ್ಪಲಿಯನ್ನು ಅಂಗಡಿಯ ಮುಂದೆಯೇ ಮರೆತು ಬರಿಗಾಲಲ್ಲಿ ಓಡಿ ಬಂದು ಕುಂಡದ ಮುಂದೆ ಕುಳಿತರು. ಬೇಡದ ಚಿಗುರು ಅರ್ಧಕ್ಕಿಳಿದಿತ್ತು. ಅದರ ಸುತ್ತಲಿನ ನೇರಳೆ ತುಪ್ಪಳದ ಒಂದು ಎಳೆಯೂ ಕದಲಿರಲಿಲ್ಲ. ಅವರು ಕಡಿದಿರಲಿಲ್ಲ, ಕಡಿಸಿರಲಿಲ್ಲ. ಒಬ್ಬಳ ಅಗತ್ಯ ಬಂದು ತನಗೆ ಬೇಕಾದ್ದನ್ನು ಒಯ್ದಿತ್ತು, ಅಷ್ಟೇ. ಸಂಜೆಗೆ ಚಪ್ಪಲಿ ತರಲು ಹೋದವರು ಯಶೋಧಾಳಿಗೆ ಹೇಳಿದ್ದು ಒಂದೇ ಮಾತು: "ಗೇಟಿನ ಚಿಲಕ ತಗದೇನಿ. ಬುಡದ ತನಕಾ ತಗೋವಾ. ಇನ್ನೂ ಪಾಠ ಭಾಳ ಅದಾವಲ್ಲ."

ಮಾರ್ಚಿನ ಹೊತ್ತಿಗೆ ಚಿಗುರು ಬುಡ ಮುಟ್ಟಿತು, ಪುಸ್ತಕ ಉಬ್ಬಿತು. ಫಲಿತಾಂಶ ಬಂದ ದಿನ ಗಣಿತದಲ್ಲಿ ಮೂವತ್ತೆಂಟು. ಯಶೋಧಾ ಓಣಿಗೆಲ್ಲ ಪೇಢೆ ಹಂಚಿದಳು. ಎಲ್ಲರೂ ನಗುತ್ತಿರುವಾಗ ಒಬ್ಬರ ಮುಖ ಮಾತ್ರ ಮೋಡ ಕಟ್ಟಿತ್ತು. ಕತ್ತರಿಸಿದ ಬುಡದ ಪಕ್ಕದಲ್ಲೇ ಚಪ್ಪಟೆ ಎಲೆಯ ಇನ್ನೊಂದು ಚಿಗುರು ಅಂದೇ ಬೆಳಿಗ್ಗೆ ಇಣುಕಿತ್ತು. ಇನ್ನು ವಿದ್ಯೆ ಯಾರಿಗೆ ಬೇಕು?

"ಪಿಯುಸಿ ಕಟ್ಟವಾ," ಎಂದರು ದುಂಡಪ್ಪನವರು, ಪೇಢೆ ಇನ್ನೂ ಬಾಯಲ್ಲಿರುವಾಗಲೇ.

"ಸಾಕ್ರಿ ಕಾಕಾರ! ನಲವತ್ತಕ್ಕ ಬಂದೆ."

"ಇಪ್ಪತ್ತು ವರ್ಷ ಸುಮ್ಮನ ಕುಂತಿದ್ದ ಗಿಡಾ ಈಗ ಬೆಳಿಯಾಕ ಹತ್ತೇತಿ. ನಿನಗೇನು ಧಾಡಿ?"

ಯಶೋಧಾ ನಕ್ಕಳು, ಸಾವಂತ್ರೆವ್ವನವರ ಮುಖ ನೋಡಿದಳು. "ಕಟ್ಟವಾ ತಾಯಿ. ಇಲ್ಲಾಂದ್ರ ಈ ಮನ್ಯಾಗ ಮತ್ತ ಯಾರೂ ಊಟಾ ಮಾಡಂಗಿಲ್ಲ," ಎಂದರು ಅವರು. ಅರ್ಜಿ ಹೋಯಿತು. ಈಗ ಪ್ರತಿ ತಿಂಗಳೂ ಒಮ್ಮೆ, ದಾರ ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಅರ್ಥಶಾಸ್ತ್ರದ ವಿದ್ಯಾರ್ಥಿನಿ ಬರುತ್ತಾಳೆ. "ಎಲ್‌ಸಿ ಐತಿ, ತಗೋ" ಎಂದು ಹೇಳಿ ದುಂಡಪ್ಪನವರು ಬೆನ್ನು ತಿರುಗಿಸಿ, ಕುತ್ತಿಗೆಯೆತ್ತಿ, ಕೆಲಸ ಮುಗಿಯುವವರೆಗೆ ತಂತಿ ನೋಡುತ್ತ ನಿಲ್ಲುತ್ತಾರೆ.

ಅವರ ಪುಣ್ಯದಿಂದ ನಮ್ಮ ಮನೆಗಳಲ್ಲಿ ಮೂವತ್ತೆರಡು ವರ್ಷ ದೀಪ ಉರಿಯಿತು. ಅದಕ್ಕೆ ನಾವು ಒಮ್ಮೆಯಾದರೂ ಕೈ ಮುಗಿದದ್ದು ನೆನಪಿಲ್ಲ. ಉರಿದ ದೀಪಕ್ಕಿಂತ ಕಡಿದ ಟೊಂಗೆಯನ್ನೇ ನೆನಪಿಟ್ಟುಕೊಂಡವರು ಅವರೊಬ್ಬರೇ. ದೊಡ್ಡ ತಪ್ಪಿಗೆ ದೊಡ್ಡ ಪ್ರಾಯಶ್ಚಿತ್ತ ಮಾಡಿ ಹೆಸರಾದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತಮ್ಮದಲ್ಲದ ತಪ್ಪನ್ನೂ ತಮ್ಮದೆಂದು ಮನೆಗೆ ತಂದು, ಅದಕ್ಕೊಂದು ಊರಿನ ಹೆಸರಿಟ್ಟು, ನೀರು ಹಾಕಿ, ವರ್ಷಕ್ಕೆ ಅರ್ಧ ಇಂಚಿನಂತೆ ತೀರಿಸುವವರು ಬೇರೆಯೇ ಜಾತಿ. ಮಿಕ್ಕದ್ದನ್ನು ಇನ್ನೊಬ್ಬರ ಕೈಯಿಂದ ಪಡೆಯಲು ಅವರಿಗೆ ನಾಚಿಕೆಯೂ ಇಲ್ಲ. ಅಂಥವರು ಬಿಟ್ಟುಹೋಗುವ ನೆರಳು ಬಹಳ ಸಣ್ಣದು ಎಂದು ಸೋಮಪ್ಪ ಈಗಲೂ ನಗುತ್ತಾರೆ. ನಗಲಿ. ಒಂದು ಮಜ್ಜಿಗೆಯ ಗಡಿಗೆ ಇಡಲು ಎಷ್ಟು ನೆರಳು ಬೇಕು?